ಅಗಲ ಪಾದದವರು

ಫೆಬ್ರವರಿ 11, ಭಾನುವಾರ

ಈ ಡೈರಿ ಬೂಟಿಗೋಸ್ಕರ. ಬೇರೆ ಏನನ್ನೂ ಇದರಲ್ಲಿ ಬರೆಯಬಾರದೆಂದು ಮೊದಲೇ ನಿರ್ಧರಿಸಿದ್ದೇನೆ.

ಮನಾಲಿ ಕಡೆಯ ಪರ್ವತಾರೋಹಣ ಶಿಬಿರದಿಂದ ಇವತ್ತು ಫೋನ್ ಬಂತು. ಜೂನ್ ಮೊದಲ ವಾರದ ತಂಡದಲ್ಲಿ ನನ್ನ ಸೀಟು ಹಾಗೇ ಇದೆಯಂತೆ. "ಅಣ್ಣ ತಂಗಿ ಇಬ್ಬರೂ ಬರುತ್ತೀರಲ್ಲ?" ಎಂದು ತರಬೇತುದಾರರು ಹಿಂದಿಯಲ್ಲಿ ಕೇಳಿದರು. ಒಬ್ಬಳೇ ಎಂದೆ. ಮುಬೀನ ಭಾಯಿ ಡಿಸೆಂಬರಿನಲ್ಲಿ ತೀರಿಕೊಂಡ. ನಮ್ಮ ಹಳ್ಳಿ ಬಿಜ್ಜರಗಿಯಿಂದ ಬೈಕಿನಲ್ಲಿ ಮನೆಗೆ ಬರುವಾಗ ಟಿಕೋಟಾ ರಸ್ತೆಯ ಮೇಲೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ ನಿಂತಿತ್ತು. ಇಷ್ಟು ಸಾಕು. ಇದು ಬೂಟಿನ ಡೈರಿ.

ಶಿಬಿರದಲ್ಲಿ ಬಾಡಿಗೆ ಬೂಟು ಕೊಡುತ್ತಾರೆ. ಆದರೆ ನಾನು ಕಳಿಸಿದ ಪಾದದ ಫೋಟೊ ಅವರು ನೋಡಿದ್ದರು. ಅಷ್ಟು ಅಗಲದ್ದು ನಮ್ಮಲ್ಲಿಲ್ಲ ಮೇಡಂ, ನೀವೇ ತರಬೇಕು, ಅದೂ ತಂದ ಹಾಗೇ ಅಲ್ಲ, ಊರಲ್ಲೇ ಹಾಕಿ ನಡೆದು ಪಳಗಿಸಿಕೊಂಡು ಬರಬೇಕು ಎಂದರು. ಬೂಟಿಲ್ಲದೆ ಬಂದರೆ ಮಂಜಿನ ಮೇಲೆ ಬಿಡುವುದಿಲ್ಲವಂತೆ.

ಅಮ್ಮನಿಗೆ ಹೇಳಿದೆ. ಹೊಲಿಗೆ ಯಂತ್ರದ ಮೇಲಿನಿಂದ ತಲೆ ಎತ್ತದೆ ಅಂದಳು:

"ಸಪಾಟ ರಸ್ತೆದಾಗ ಹೋದಾಂವ ಮನಿಗಿ ಬರಲಿಲ್ಲ. ಗುಡ್ಡಕ್ಕ ಹೋದಾಕಿ ಬರ್ತಿಯೇನ?"

ಆಮೇಲೆ ಯಾರದೋ ಕುಪ್ಪಸದ ತೋಳು ಜೋಡಿಸುತ್ತ ಕೂತಳು. ಅವಳು ಮಾತಾಡಲಿ ಬಿಡಲಿ, ನಾನು ಹೋಗುವವಳೇ. ನಾವಿಬ್ಬರೂ ಹೋಗಬೇಕೆಂದುಕೊಂಡ ಜಾಗಕ್ಕೆ ಒಬ್ಬರಾದರೂ ಹೋಗಬೇಕು.

ಫೆಬ್ರವರಿ 14, ಬುಧವಾರ

ಗಾಂಧಿ ಚೌಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಒಂದು ಅಂಗಡಿಯ ಮಾಲೀಕ ರಾಜಾರಾಮ ಎನ್ನುವವರು, ಒಳ್ಳೆಯ ಮನುಷ್ಯ, ಇದ್ದಬದ್ದ ಡಬ್ಬಿಗಳನ್ನೆಲ್ಲ ಇಳಿಸಿದರು. ಉದ್ದ ಸರಿಯಾದದ್ದು ಅಗಲಕ್ಕೆ ಹಿಡಿಯುತ್ತದೆ. ಅಗಲಕ್ಕೆ ಆಗುವುದು ಉದ್ದಕ್ಕೆ ದೋಣಿಯಾಗುತ್ತದೆ, ಹಿಮ್ಮಡಿ ಒಳಗೇ ಜಾರುತ್ತದೆ. ಅಂಥದ್ದು ಹಾಕಿಕೊಂಡು ಇಳಿಜಾರಿನಲ್ಲಿ ಇಳಿದರೆ ಬೆರಳೆಲ್ಲ ಮುಂದಕ್ಕೆ ಕುಟ್ಟಿ ಉಗುರು ಕಪ್ಪಾಗುತ್ತವೆ.

"ಟೀಚರ‍್ರ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದರು ರಾಜಾರಾಮ, "ಹೆಣ್ಮಕ್ಕಳ ಕಾಲ ಇಷ್ಟ ಅಗಲ ಇದ್ದದ್ದು ನಾ ನೋಡಿಲ್ಲ. ಗಣಿಯಾಗ ಹಾಕ್ಕೋತಾರಲ್ಲ, ಆ ಬೂಟ ನೋಡ್ತೀರೇನು?"

ಕಬ್ಬಿಣದ ಮೂತಿಯ ಆ ಬೂಟನ್ನೂ ಹಾಕಿ ನೋಡಿದೆ. ಅದೂ ಹಿಡಿಯಿತು. ನಾನು ಓಟದಲ್ಲಿ ಜಿಲ್ಲೆಗೆ ಮೊದಲು ಬಂದವಳು, ಬಬಲೇಶ್ವರದ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಬೂಟಿನ ಅಂಗಡಿಯಲ್ಲಿ ಮಾತ್ರ ಎಲ್ಲರ ಕಣ್ಣಿಗೂ ನಾನೊಂದು ಬಾತುಕೋಳಿ.

ಫೆಬ್ರವರಿ 25, ಭಾನುವಾರ

ಪೂನಮ ಬಂದಿದ್ದಳು. ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಜೈನಾಪುರದವಳು. ಪಾದದ ನಕ್ಷೆ ತೆಗೆದು ಅದರ ಫೋಟೊವನ್ನು ಪುಣೆಯ ಅಂಗಡಿಗೆ ಕಳಿಸೋಣ ಎಂದಳು. ಸಂಜೆಯ ಹೊತ್ತಿಗೆ ಪಾದ ಊದಿರುತ್ತದೆ, ಆಗಲೇ ಅಳೆಯಬೇಕಂತೆ. ನೆಲದ ಮೇಲೆ ಹಳೆಯ ಪೇಪರ್ ಹಾಸಿ, ನನ್ನನ್ನು ನಿಲ್ಲಿಸಿ, ಪೆನ್ಸಿಲ್ಲಿನಿಂದ ಸುತ್ತ ಗೆರೆ ಎಳೆದಳು. ಕಚಗುಳಿ ತಾಳಲಾರದೆ ನಾನು ಒದ್ದಾಡಿದೆ.

ಅಮ್ಮ ಒಳಗಿನಿಂದ ಬಂದು ಪೇಪರ್ ನೋಡಿದಳು. ಎಷ್ಟೋ ಹೊತ್ತು ನೋಡಿದಳು.

"ಇವು ನನ್ನ ಕಾಲ," ಎಂದಳು. "ಬಿಜ್ಜರಗಿಯೊಳಗ ಬರಿಗಾಲಿಲೆ ದ್ರಾಕ್ಷಿ ತ್ವಾಟಾ ತುಳಿದ ಕಾಲ."

"ಬೇರೆ ಏನರ ಚಂದಂದು ಕೊಡಬಾರದಿತ್ತೇನವ್ವಾ," ಎಂದೆ ನಾನು. ಪೂನಮ ನಕ್ಕಳು. ಅಮ್ಮ ನಗಲಿಲ್ಲ.

ಪೂನಮ ಹೊರಟಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು: "ಮುಬೀನನ ಬೂಟ ಅದಾವಲ್ಲ? ಅಂವಂದೂ ನಿನ್ನಂಗ ಅಗಲ ಕಾಲ. ದಪ್ಪನ್ನ ಕಾಲಚೀಲ ಹಾಕ್ಕೊಂಡ್ರ ನಿಂಗ ಬರಬಹುದು."

ಬಸ್ಸಿಗೆ ಹೊತ್ತಾಯಿತು ಹೋಗು ಎಂದೆ. ಅವನ ಸಾಮಾನಿರುವ ಆ ಟ್ರಂಕಿನ ಹತ್ತಿರ ನಾನು ಹೋಗುವುದಿಲ್ಲ. ಭಾಯಿ ಆ ಬೂಟು ಹಾಕಿಕೊಂಡು ಬದಾಮಿಯ ಬಂಡೆ ಏರಿದ್ದಾನೆ. ಊರಲ್ಲಿ ಇದ್ದಾಗ ಪಳಗಿಸುತ್ತೇನೆಂದು ಮಾಳಿಗೆ ಮೇಲೆ ದಡಬಡ ತಿರುಗುತ್ತಿದ್ದ. ಕೆಳಗಿನಿಂದ ಅಮ್ಮ ಕೂಗುತ್ತಿದ್ದಳು: "ಮಾಳಗಿ ಮುರಿತಿಯೇನೋ!" ಅವನು ಬೇಕೆಂದೇ ಇನ್ನೂ ಜೋರಾಗಿ ಕುಣಿಯುತ್ತಿದ್ದ.

ಇದು ಬೂಟಿಗೆ ಸಂಬಂಧಪಟ್ಟದ್ದೇ, ಆದ್ದರಿಂದ ಬರೆದೆ.

ಮಾರ್ಚ್ 10, ಭಾನುವಾರ

ಪುಣೆಯಿಂದ ಉತ್ತರ: ಹೆಂಗಸರ ಅಳತೆಯಲ್ಲಿ ಇಲ್ಲ.

ಮಾರ್ಚ್ 27, ಬುಧವಾರ

ರೋಜಾ ನಡೆದಿದೆ. ಬೆಳಿಗ್ಗೆ ಬಸ್ಸಿನಲ್ಲಿ ಬಬಲೇಶ್ವರಕ್ಕೆ, ಸಂಜೆ ಬಸ್ಸಿನಲ್ಲಿ ಮನೆಗೆ. ಇಫ್ತಾರಿಗೆ ಅಮ್ಮ ಎರಡು ತಟ್ಟೆ ಇಡುತ್ತಾಳೆ. ಇವತ್ತು ಮೂರು ಇಟ್ಟಿದ್ದಳು. ನೋಡಿದ್ದೇ ಒಂದನ್ನು ಎತ್ತಿ, ತೊಳೆದದ್ದನ್ನೇ ಮತ್ತೆ ತೊಳೆದಳು. ನಾನು ಖರ್ಜೂರ ಬಾಯಿಗೆ ಹಾಕಿಕೊಂಡು ಗೋಡೆ ನೋಡುತ್ತ ಕೂತೆ.

ಸೊಲ್ಲಾಪುರದಲ್ಲಿ ಒಂದು ಅಂಗಡಿ ಇದೆಯೆಂದು ಯಾರೋ ಹೇಳಿದ್ದರು. ಫೋನ್ ಮಾಡಿದೆ. ಅವರು ಮಾರುವುದು ಮಳೆಗಾಲದ ಗಂಬೂಟು.

ಏಪ್ರಿಲ್ 11, ಗುರುವಾರ. ರಂಜಾನ್ ಹಬ್ಬ

ಶೀರ್‌ಕುರ್ಮಾ ಪಾಯಸ ಕುದಿಯುತ್ತಿತ್ತು. ಅಮ್ಮ ಪಕ್ಕದ ಮನೆಗೆ ಬಟ್ಟಲು ಕೊಡಲು ಹೋದಾಗ ಟ್ರಂಕು ತೆರೆದೆ. ಯಾಕೆ ಇವತ್ತೇ ತೆರೆದೆನೋ ಗೊತ್ತಿಲ್ಲ. ಪ್ರತಿ ಹಬ್ಬಕ್ಕೂ ಅವನು ನನಗೆ ಕೊಡುವ ಈದಿ ದುಡ್ಡನ್ನು ಬಚ್ಚಿಟ್ಟು ಹುಡುಕಿಸುತ್ತಿದ್ದ, ಅದಕ್ಕೇ ಇರಬೇಕು.

ಟ್ರಂಕು ಖಾಲಿ. ತಳದಲ್ಲಿ ಬೂಟಿನ ಡಬ್ಬಿ ಮಾತ್ರ ಇತ್ತು, ಅದರೊಳಗೆ ಸುಕ್ಕಾದ ಕಾಗದ.

ಅಮ್ಮ ಬಂದು ನೋಡಿದಳು. ಹೆದರಲಿಲ್ಲ, ಮುಚ್ಚಿಡಲೂ ಇಲ್ಲ.

"ನಲವತ್ತನೇ ದಿನದ ಫಾತಿಹಾಕ್ಕ ಎಲ್ಲಾ ಕೊಟ್ಟೆ. ಕೊಡಬೇಕಲ್ಲ ಬೇ. ಹಂಗಽ ಇಟ್ರ ಅಂವಗ ಭಾರ ಆಕ್ಕೈತಿ."

"ಬೂಟ?"

"ಬೂಟ ಬಾಬುಗ."

ಬಾಬು ಬಿಜ್ಜರಗಿಯಲ್ಲಿ ಕುರಿ ಕಾಯುವವನು. ಆ ಸಂಜೆ ರಸ್ತೆಯ ಮೇಲೆ ಮೊದಲು ಓಡಿಬಂದವನು ಅವನೇ.

"ನನ್ನ ಕೇಳಬೇಕಿತ್ತು!" ಎಂದು ಕೂಗಿದೆ. ಹಬ್ಬದ ದಿನ, ಕಿಟಕಿ ಎಲ್ಲ ತೆರೆದಿದ್ದವು. "ನಾ ಊರ ತುಂಬಾ ಬೂಟ ಹುಡುಕಾಕತ್ತಿದ್ದು ನೀ ನೋಡ್ಲಿಲ್ಲೇನು?"

"ಕಡೀಕ ಅಂವನ ತಲಿ ಇದ್ದದ್ದು ಬಾಬುನ ತೊಡಿ ಮ್ಯಾಲ," ಎಂದಳು ಅಮ್ಮ. "ನನ್ನ ತೊಡಿ ಮ್ಯಾಲಲ್ಲ. ಅಂವಗ ಕೊಡದ ಮತ್ಯಾರಿಗೆ ಕೊಡಲಿ?"

ಆ ನಲವತ್ತನೆಯ ದಿನ ಮನೆ ತುಂಬ ಜನ ಇದ್ದರು. ನಾನು ಮಾಳಿಗೆ ಮೇಲೆ ಹೋಗಿ ಕೂತಿದ್ದೆ, ಯಾರು ಕರೆದರೂ ಇಳಿಯಲಿಲ್ಲ. ಬೂಟು ಹೋದದ್ದು ನನಗೆ ಹೇಗೆ ತಿಳಿಯಬೇಕು?

ಅವಳು ತನಗೆಂದು ಉಳಿಸಿಕೊಂಡದ್ದು ಒಂದೇ, ಅವನ ಬೂದಿ ಬಣ್ಣದ ಉಣ್ಣೆ ಸ್ವೆಟರ್. ಅವಳ ತಲೆದಿಂಬಿನ ಕೆಳಗಿದೆ. ಅದನ್ನು ಮುಟ್ಟಲು ನನ್ನನ್ನೂ ಬಿಡುವುದಿಲ್ಲ.

ಏಪ್ರಿಲ್ 14, ಭಾನುವಾರ

ಬಿಜ್ಜರಗಿಗೆ ಹೋಗಿ ಬಂದೆ. ಕಾಕಾನ ಮನೆಗೆ ಎಂದು ಅಮ್ಮನಿಗೆ ಹೇಳಿದ್ದೆ. ಹೋದದ್ದು ಬೂಟಿಗೆ. ಇಲ್ಲಿ ಸುಳ್ಳು ಬರೆದು ಏನಾಗಬೇಕು?

ಒಮ್ಮೆ ಕೊಟ್ಟದ್ದನ್ನು, ಅದೂ ಸತ್ತವರ ಹೆಸರಲ್ಲಿ ಕೊಟ್ಟದ್ದನ್ನು, ವಾಪಸ್ ಕೇಳಬಾರದು ಎಂದು ಗೊತ್ತು. ಬೇರೆ ಹೊಸ ಬೂಟು ಕೊಡಿಸಿ ಅದಲುಬದಲು ಮಾಡಿಕೊಂಡರೆ ಕೇಳಿದ ಹಾಗಾಗುವುದಿಲ್ಲ ಎಂದು ಬಸ್ಸಿನಲ್ಲಿ ಟಿಕೋಟಾ ದಾಟುವವರೆಗೂ ನನ್ನನ್ನು ನಾನೇ ಒಪ್ಪಿಸುತ್ತಿದ್ದೆ.

ಬಾಬು ಜಾಲಿ ಗಿಡದ ಕೆಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದ, ಸುತ್ತಲೂ ಕುರಿ. ನನ್ನನ್ನು ಕಂಡವನೇ ಎದ್ದು ನಿಂತ. ಕಾಲಲ್ಲಿ ಭಾಯಿಯ ಬೂಟು. ಆದರೆ ಅರ್ಧ ಬೂಟು. ಕಾಲಿನ ಗಿಣ್ಣಿನಿಂದ ಮೇಲಿನ ಭಾಗವೇ ಇರಲಿಲ್ಲ.

ನಾನು ನೋಡುತ್ತಿರುವುದನ್ನು ನೋಡಿ ಅವನೇ ಹೇಳಿದ, ಹೆಮ್ಮೆಯಿಂದಲೇ: "ಬೂಟ ಭಾಳ ಚಲೋ ಅದಾವ್ರಿ ಅಕ್ಕಾರ, ಜಾಲಿಮುಳ್ಳ ಒಳಗ ಬರಂಗಿಲ್ಲ. ಆದ್ರ ಕುಂದ್ರಾಕ ಬರವಲ್ದು ನೋಡ್ರಿ, ಕಾಲ ಮಡಚಾಕ ಬಿಡಾಂಗಿಲ್ಲ. ಅದಕ್ಕ ಕುಡಗೋಲ ತಗೊಂಡ ಅದರ ಕುತಗಿ ಕೊಯ್ದೆ."

ಎಂಥ ಬೂಟು! ಇಪ್ಪತ್ತು ಅಂಗಡಿ ಅಲೆದು, ಕೊನೆಗೆ ಭಾಯಿ ಹುಬ್ಬಳ್ಳಿಯಿಂದ ತರಿಸಿದ್ದ. ಗಿಣ್ಣು ಉಳುಕದಂತೆ ಹಿಡಿಯುವುದೇ ಆ ಎತ್ತರದ ಕತ್ತು. ನನಗೆ ನಗು ಬಂತು. ಡಿಸೆಂಬರಿನಿಂದ ಈಚೆ ನಾನು ಹಾಗೆ ನಕ್ಕಿರಲಿಲ್ಲ. ಭಾಯಿ ಇದ್ದಿದ್ದರೆ ನೆಲಕ್ಕೆ ಬಿದ್ದು ನಗುತ್ತಿದ್ದ. ಬಾಬುವೂ ನಕ್ಕ. ಆಮೇಲೆ ನಗು ನಿಲ್ಲಿಸಿ ಅವನು ಕೇಳಿದ:

"ಅಮ್ಮಾರು ಊಟಾ ಮಾಡಾಕತ್ತಾರಿಲ್ಲೋ?"

ಮಾಡುತ್ತಾಳೆ ಎಂದೆ. ಬೂಟಿನ ಮಾತು ಎತ್ತಲಿಲ್ಲ. ಖಬರಸ್ತಾನಕ್ಕೆ ಹೋಗಿ ಭಾಯಿಯ ಪಕ್ಕ ಸ್ವಲ್ಪ ಹೊತ್ತು ಕೂತು ಬಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಕೊಟ್ಟು ಅತ್ತೆ. ಪಕ್ಕದ ಹೆಂಗಸು ತನ್ನ ಬುಟ್ಟಿಯಿಂದ ಒಂದು ಸೌತೆಕಾಯಿ ತೆಗೆದುಕೊಟ್ಟಳು.

ಏಪ್ರಿಲ್ 28, ಭಾನುವಾರ

ಬೂಟು ಬಂತು! ಕಾಕಾನ ಮಗ ಜಹೀರ ಒಣದ್ರಾಕ್ಷಿ ಲೋಡು ಒಯ್ದು ಪುಣೆಗೆ ಹೋದಾಗ ಅಂಗಡಿಯಲ್ಲೇ ಕೂತು, ಗಂಡಸರ ಅಗಲ ಅಳತೆಯ ಅತಿ ಚಿಕ್ಕದನ್ನು ಹಠ ಹಿಡಿದು ಹುಡುಕಿಸಿ ತಂದಿದ್ದಾನೆ. ಕಂದು ಬಣ್ಣದ್ದು, ಚರ್ಮದ್ದು. ಹಿಮ್ಮಡಿ ಜಾರುವುದಿಲ್ಲ. ಕಿರುಬೆರಳ ಹತ್ತಿರ ಮಾತ್ರ ಹಿಡಿಯುತ್ತದೆ. ನಡೆದರೆ ಸಡಿಲವಾಗುತ್ತದೆ ಎಂದು ಅಂಗಡಿಯವರು ಹೇಳಿದರಂತೆ.

ಫೋಟೊ ಕಳಿಸಿದೆ. ಇದು ನಡೆಯುತ್ತದೆ, ಚೆನ್ನಾಗಿ ಪಳಗಿಸಿ ಎಂದು ತರಬೇತುದಾರರು ಬರೆದರು. ರೈಲಿನ ಟಿಕೆಟ್ ತೆಗೆದೆ, ಮೇ 30ಕ್ಕೆ.

ಸಂಜೆ ಮಾಳಿಗೆ ಮೇಲೆ ತಿರುಗಿದೆ. ದಡ್ ದಡ್ ಎನ್ನುವ ಅದೇ ಸಪ್ಪಳ. ಕೆಳಗಿನಿಂದ ಯಾರೂ ಕೂಗಲಿಲ್ಲ. ಇಳಿದು ಬಂದಾಗ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೈ ಚಕ್ರದ ಮೇಲಿತ್ತು, ಚಕ್ರ ತಿರುಗುತ್ತಿರಲಿಲ್ಲ.

ಮೇ 5, ಭಾನುವಾರ

ಬೂಟು ಸಡಿಲವಾಗಲಿಲ್ಲ.

ಮೇ 12, ಭಾನುವಾರ

ಎರಡೂ ಕಿರುಬೆರಳು ಗುಳ್ಳೆಯೆದ್ದು ಒಡೆದಿವೆ. ಕಾಲಚೀಲಕ್ಕೆ ರಕ್ತ ಹತ್ತಿತ್ತು, ಬಚ್ಚಲಲ್ಲಿ ಮುಚ್ಚಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಒಗೆದು ಹಗ್ಗದ ಮೇಲೆ ಹಾಕಿದ್ದು ಕಂಡಿತು. ಅಮ್ಮ ಬೈದಿದ್ದರೆ ಚೆನ್ನಾಗಿತ್ತು.

ನಾಳೆಯಿಂದ ಒಂದು ವಾರ ಶಾಲೆಯಲ್ಲಿ ಹುಡುಗಿಯರಿಗೆ ಬೇಸಿಗೆ ಖೋಖೋ ಶಿಬಿರ. ದಿನಾ ಈ ಬಿಸಿಲಲ್ಲಿ ಓಡಾಡುವುದು ಬೇಡವೆಂದು ಜೈನಾಪುರದಲ್ಲಿ ಪೂನಮಳ ಮನೆಯಲ್ಲೇ ಉಳಿಯುತ್ತೇನೆ. ಬೂಟು ಇಲ್ಲೇ ಇರಲಿ, ಕಾಲು ಮಾಯಲಿ.

ಮೇ 19, ಭಾನುವಾರ

ಬಾಗಿಲು ತೆರೆದ ಕೂಡಲೇ ಔಡಲೆಣ್ಣೆಯ ವಾಸನೆ. ಕಪಾಟಿನಲ್ಲಿ ಬೂಟಿಲ್ಲ. ಅಡುಗೆಮನೆಯ ಮೂಲೆಯಲ್ಲಿ, ನೀರಿನ ಕೊಡಗಳ ಪಕ್ಕ, ಒದ್ದೆ ಬಟ್ಟೆ ಸುತ್ತಿ ನಿಲ್ಲಿಸಿದ್ದಳು. ಬಟ್ಟೆ ಬಿಚ್ಚಿದೆ. ಬೂಟಿನ ತುಂಬ ನೆನೆದ ಜೋಳ. ಕತ್ತಿನವರೆಗೂ ಒತ್ತಿ ತುಂಬಿ, ಮೇಲೆ ಲೇಸು ಬಿಗಿದು ಕಟ್ಟಿದ್ದಳು. ಜೋಳ ಉಬ್ಬಿ, ಈ ಸೆಕೆಗೆ ಬಿಳಿ ಮೊಳಕೆ ಒಡೆದು, ಲೇಸಿನ ಸಂದಿಯಿಂದ ಹೊರಗೆ ಇಣುಕುತ್ತಿತ್ತು.

"ಹೊಸಾ ಕಾಲ್ಮರಿ ಕಚ್ಚಾಕತ್ರ ನಮ್ಮವ್ವ ಹಿಂಗಽ ಮಾಡ್ತಿದ್ಲು," ಎಂದಳು ಅಮ್ಮ. ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದಿದ್ದ ಒಂದು ಗೆಲುವು. "ಎಣ್ಣಿ ಹಚ್ಚಿ, ಹಸಿ ಜ್ವಾಳ ತುಂಬಿ ಇಡೂದು. ಜ್ವಾಳ ಉಬ್ಬಿದಂಗ ಚರ್ಮಾ ಹಿಗ್ಗತೈತಿ. ಹಾಕ್ಕೊಂಡ ನೋಡು."

ಬೂಟನ್ನು ಎತ್ತಿದೆ. ಹಿಗ್ಗಿತ್ತು, ನಿಜ. ಆದರೆ ಇದು ಕೈಯಿಂದ ಹೊಲಿದ ಕಾಲ್ಮರಿ ಚಪ್ಪಲಿ ಅಲ್ಲ. ಗೋಂದು ಹಾಕಿ ಅಂಟಿಸಿದ ಅಟ್ಟೆ, ಒಳಗೆ ನೀರು ಬರದಂತೆ ತಡೆಯುವ ತೆಳು ಪದರ. ಕಿರುಬೆರಳ ಬದಿಯ ಹೊಲಿಗೆ ಬಿಟ್ಟುಕೊಂಡು, ಅಟ್ಟೆ ಮುಂದಿನಿಂದ ಅರ್ಧದವರೆಗೆ ಬಾಯಿ ತೆರೆದಿತ್ತು. ಎರಡೂ ಬೂಟು.

ನಾನು ಏನೆಂದೆ ಎನ್ನುವುದನ್ನು ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

"ನಾ ಹೋಗಬಾರ್ದಂತಽ ಮಾಡೀಯಲ್ಲ? ಭಾಯಿನ ಬೂಟ ಕೊಟ್ಟಿ. ಈಗ ನನ್ನ ಬೂಟ ಹರದಿ."

ಅಮ್ಮ ಮೊರ ತಂದು ಕೂತು, ಬೂಟಿನೊಳಗೆ ಕೈ ಹಾಕಿ, ಮೊಳಕೆಯೊಡೆದ ಜೋಳವನ್ನು ಹಿಡಿ ಹಿಡಿಯಾಗಿ ತೆಗೆಯತೊಡಗಿದಳು. ನಾನು ನೋಡುತ್ತ ನಿಂತಿದ್ದೆ. ಕುಕ್ಕರುಗಾಲಿನಲ್ಲಿ ಕೂತ ಅವಳ ಪಾದ ನೆಲದ ಮೇಲೆ ಬೆರಳು ಹರಡಿಕೊಂಡು ನಿಂತಿದ್ದವು. ನನ್ನವೇ.

ಮೇ 21, ಮಂಗಳವಾರ

ಬೂಟು ರಿಪೇರಿ ಮಾಡುವವರು ಹೊಲಿದು ಕೊಡುತ್ತೇನೆ ಎಂದರು. ಆದರೆ ಬೆಟ್ಟದ ಮೇಲೆ ಇದನ್ನು ನಂಬಬೇಡಿ ಎಂದೂ ಹೇಳಿದರು. ಫೋಟೊ ನೋಡಿ ಶಿಬಿರದವರೂ ಅದನ್ನೇ ಬರೆದರು. ಮಂಜಿನ ಮೇಲೆ ಈ ಬೂಟಿಗೆ ಅನುಮತಿ ಇಲ್ಲ. ಬೇರೆ ತರಿಸಿ ಪಳಗಿಸುವಷ್ಟು ದಿನವೂ ಉಳಿದಿಲ್ಲ. ಸೆಪ್ಟೆಂಬರ್ ತಂಡದಲ್ಲಿ ಜಾಗ ಇಡುತ್ತಾರಂತೆ.

ಜೋಳವನ್ನು ಅಮ್ಮ ಪಕ್ಕದ ಮನೆಯ ಆಡಿಗೆ ಹಾಕಿದಳು.

ಮೇ 23, ಗುರುವಾರ

ಟಿಕೆಟ್ ರದ್ದು ಮಾಡಲು ಮನಸ್ಸು ಬಾರದೆ, ಮೊದಲು ಚೀಲವನ್ನಾದರೂ ಖಾಲಿ ಮಾಡೋಣವೆಂದು ಕೂತೆ. ಖೋಖೋ ಶಿಬಿರಕ್ಕೆ ಹೋಗುವ ಮುಂಚೆಯೇ ಅರ್ಧ ಕಟ್ಟಿಟ್ಟಿದ್ದೆ. ತೆರೆದರೆ ನಾನು ಇಡದ ಸಾಮಾನುಗಳು ಸಿಕ್ಕವು. ಶೇಂಗಾ ಚಟ್ನಿಯ ಡಬ್ಬಿ. ಬಟ್ಟೆಯಲ್ಲಿ ಕಟ್ಟಿದ ಕಟಕ ರೊಟ್ಟಿ. ಚಿಕ್ಕ ಸೀಸೆಯಲ್ಲಿ ಔಡಲೆಣ್ಣೆ. ಎಲ್ಲಕ್ಕಿಂತ ಕೆಳಗೆ ಒಂದು ಜೊತೆ ಕಾಲಚೀಲ, ದಪ್ಪ ಉಣ್ಣೆಯದು, ಬೂದಿ ಬಣ್ಣ.

ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಮ್ಮನ ಹಾಸಿಗೆಯ ಹತ್ತಿರ ಹೋಗಿ ತಲೆದಿಂಬು ಎತ್ತಿದೆ. ಭಾಯಿಯ ಸ್ವೆಟರ್ ಇತ್ತು. ತೋಳುಗಳು ಇರಲಿಲ್ಲ. ಅದರ ಜೊತೆಗೇ ಮಡಚಿಟ್ಟ ಹಳೆಯ ಪೇಪರ್, ಅದರ ಮೇಲೆ ಪೂನಮ ಎಳೆದ ನನ್ನ ಪಾದದ ಗೆರೆ. ಆ ಗೆರೆಯ ಮೇಲೆ ಇಟ್ಟು ಅವಳು ತೋಳು ಕತ್ತರಿಸಿ ಕಾಲಚೀಲ ಹೊಲಿದಿದ್ದಾಳೆ. ಯಾರನ್ನೂ ಮುಟ್ಟಗೊಡದ ಸ್ವೆಟರಿಗೆ ಅವಳೇ ಕತ್ತರಿ ಹಾಕಿದ್ದಾಳೆ.

ಜೋಳ ತುಂಬುವಾಗಲೇ ಅವಳು ನನ್ನನ್ನು ಕಳಿಸಲು ಒಪ್ಪಿದ್ದಳು. ನಾನು ಅವಳಿಗೆ ಏನೆಂದುಬಿಟ್ಟೆ!

ಕಾಲಚೀಲ ಹಾಕಿಕೊಂಡು ಹೊಲಿಗೆ ಯಂತ್ರದ ಹತ್ತಿರ ಹೋಗಿ ನಿಂತೆ. ಎಲ್ಲಿಯೂ ಹಿಡಿಯಲಿಲ್ಲ. ನನ್ನ ಜನ್ಮದಲ್ಲಿ ನನಗೆ ಸರಿಯಾಗಿ ಆದ ಮೊದಲ ಕಾಲಚೀಲ. ಅಮ್ಮ ನೋಡಿದಳು, ಬಗ್ಗಿ ಕಿರುಬೆರಳ ಹತ್ತಿರ ಒತ್ತಿ ನೋಡಿದಳು.

"ಇಂಥಾ ಕಾಲ ಕೊಟ್ಟಾಕಿ ನಾನ," ಎಂದಳು. "ಬೂಟ ಸರಿ ಮಾಡಾಕ ಬರಲಿಲ್ಲ ನೋಡು. ಬೇಕಂತ ಮಾಡಿಲ್ಲ ಬೇ. ಖುದಾನ ಆಣಿ."

ಅವಳಿಂದ ಆಣೆ ಮಾಡಿಸಿದೆನಲ್ಲ. ನೆಲದ ಮೇಲೆ ಕೂತು ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ. ಅವಳೂ ಅತ್ತಳು. ಡಿಸೆಂಬರಿನಿಂದ ಇವತ್ತಿನವರೆಗೆ ನಾವಿಬ್ಬರೂ ಬೇರೆ ಬೇರೆ ಅತ್ತಿದ್ದೆವು, ಅವಳು ಅಡುಗೆಮನೆಯಲ್ಲಿ, ನಾನು ಮಾಳಿಗೆ ಮೇಲೆ. ಒಟ್ಟಿಗೆ ಅತ್ತದ್ದು ಇದೇ ಮೊದಲು.

ಮೇ 30, ಗುರುವಾರ

ಇವತ್ತು ಹೋಗಬೇಕಿತ್ತು. ಟಿಕೆಟ್ ರದ್ದು ಮಾಡಿದ್ದೇನೆ. ಸೆಪ್ಟೆಂಬರಿಗೆ ಎಂದು ಅಮ್ಮನಿಗೆ ಹೇಳಿದೆ. "ಆತು," ಎಂದಳು. ಸೆಪ್ಟೆಂಬರಿಗೂ ಬೂಟು ಸಿಗದಿರಬಹುದು. ಬಾಬು ಕುತ್ತಿಗೆ ಕೊಯ್ದ ಆ ಬೂಟಿನಂಥದ್ದು ಇನ್ನೊಂದು ಎಲ್ಲಾದರೂ ಇದೆಯೋ ಇಲ್ಲವೋ.

ರೈಲು ಹೊರಡುವ ಹೊತ್ತಿಗೆ ಮನೆಯೊಳಗೆ ಕೂರಲಾಗಲಿಲ್ಲ. ಬೂದಿ ಬಣ್ಣದ ಕಾಲಚೀಲ ಹಾಕಿಕೊಂಡು, ಹರಿದ ಬೂಟನ್ನೇ ಮೆಟ್ಟಿ ಮಾಳಿಗೆ ಹತ್ತಿದೆ. ಬಿಸಿಲು ಇಳಿದಿತ್ತು. ದೂರದಲ್ಲಿ ಗೋಳಗುಮ್ಮಟದ ಮೇಲೆ ಪಾರಿವಾಳ ಸುತ್ತುತ್ತಿದ್ದವು. ಬೂಟು ಈಗ ಎಲ್ಲಿಯೂ ಕಚ್ಚುವುದಿಲ್ಲ. ಹೆಜ್ಜೆ ಎತ್ತಿದರೆ ಅಟ್ಟೆ ಬಾಯಿ ತೆರೆಯುತ್ತದೆ, ಇಟ್ಟರೆ ಪಟ್ಟೆಂದು ಮುಚ್ಚುತ್ತದೆ. ಒಂದು ಕಾಳು ಜೋಳ ಇನ್ನೂ ಒಳಗೇ ಉಳಿದಿತ್ತು, ಹಿಮ್ಮಡಿಗೆ ಒತ್ತುತ್ತಿತ್ತು. ತೆಗೆಯಲಿಲ್ಲ.

ಮೊದಲು ಮೆಲ್ಲಗೆ ನಡೆದೆ. ಆಮೇಲೆ ಭಾಯಿ ನಡೆಯುತ್ತಿದ್ದ ಹಾಗೆ ಹಿಮ್ಮಡಿ ಊರಿ ನಡೆದೆ. ದಡ್ ಪಟ್, ದಡ್ ಪಟ್. ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನಾನೂ ನಿಂತೆ. ಅಮ್ಮನಿಗೆ ನೋವಾಯಿತೇನೋ, ಇಳಿದುಬಿಡಲೇ ಎಂದುಕೊಂಡೆ.

ಅಷ್ಟರಲ್ಲಿ ಕೆಳಗಿನಿಂದ ಅಮ್ಮನ ದನಿ ಕೇಳಿತು, ಹಳೆಯ ದನಿ, ಓಣಿಗೆಲ್ಲ ಕೇಳುವ ಹಾಗೆ:

"ಮಾಳಗಿ ಮುರಿತಿಯೇನ ಬೇ!"

ನಾನು ಇನ್ನೂ ಜೋರಾಗಿ ತಿರುಗಿದೆ.